ಒಂಬತ್ತನೆಯ ಗೂಡು

ಎರ್ಮೊಸಿಯೊ, ಆಸ್ಪತ್ರೆಯ ಎರಡನೇ ಮಹಡಿ
25 ಜನವರಿ 1987

ಕೊಂಪಾದ್ರೆ ನಬೋರ್ ಅವರಿಗೆ,

ನಿನ್ನೆಗೆ ಇಪ್ಪತ್ನಾಲ್ಕು ದಿನ ತುಂಬಿ ಈ ವರ್ಷದ ಮಳೆಯ ಎಣಿಕೆ ಮುಗಿಯಿತು. ಜನವರಿಯ ಮೊದಲ ಹನ್ನೆರಡು ದಿನಕ್ಕೆ ಹನ್ನೆರಡು ತಿಂಗಳನ್ನು ಹೇಗೆ ತುಂಬುತ್ತೀರಿ, ಮುಂದಿನ ಹನ್ನೆರಡು ದಿನ ಅದೇ ತಿಂಗಳುಗಳನ್ನು ಹಿಂದಕ್ಕೆ ಯಾಕೆ ಎಣಿಸುತ್ತೀರಿ ಎಂದು ಇಪ್ಪತ್ತಾರು ವರ್ಷದಿಂದ ನಗುತ್ತಲೇ ಇದ್ದೀರಿ. ಈ ಸಲವೂ ನಗಿ, ಆದರೆ ಬರೆದಿಟ್ಟುಕೊಳ್ಳಿ.

ನನ್ನ ಮಂಚ ಗೋಡೆಯ ಕಡೆಗಿದೆ. ಕಿಟಕಿ ಗ್ವಾಯ್ಮಾಸಿನ ಮೀನುಗಾರನೊಬ್ಬನ ಪಾಲಿಗೆ ಬಂದಿದೆ. ದಿನಕ್ಕೆ ನಾಲ್ಕು ಸಲ ಅವನನ್ನು ಕೇಳಿ ಬರೆದುಕೊಂಡೆ. ಮೊದಮೊದಲು ನೀಲಿ ಇದೆ ಎಂದು ಮುಗಿಸಿಬಿಡುತ್ತಿದ್ದ. ಯಾವ ನೀಲಿ, ಅಂಚಿನಲ್ಲಿ ಬೂದಿ ಬಣ್ಣ ಇದೆಯೋ, ಗಾಳಿ ಯಾವ ಕಡೆಯದು ಎಂದು ಪೀಡಿಸಿದೆ. "ಮುದುಕಪ್ಪಾ, ನಿಂಗೆ ಬೇಕಾಗಿರೋದು ಡಾಕ್ಟರಲ್ಲ, ಪಾದ್ರಿ," ಅಂದ. ಆದರೂ ಕೊನೆಕೊನೆಗೆ ಕೇಳುವ ಮೊದಲೇ ಹೇಳುತ್ತಿದ್ದ.

ಏಳನೆಯ ದಿನವೂ ಹದಿನೆಂಟನೆಯ ದಿನವೂ ಜುಲೈ ಲೆಕ್ಕಕ್ಕೆ. ಎರಡೂ ಒಣ. ಎಂಟನೆಯ ದಿನ ಆಗಸ್ಟ್, ಒಣ. ಹದಿನೇಳನೆಯ ದಿನವೂ ಆಗಸ್ಟ್. ಬೆಳಗ್ಗೆ ಒಣ, ಮಧ್ಯಾಹ್ನದ ಮೇಲೆ ಮೋಡ, ದೀಪ ಹಚ್ಚುವ ಹೊತ್ತಿಗೆ ನಾಲ್ಕು ದಪ್ಪ ಹನಿ. ಅಂದರೆ ಮಳೆ ಆಗಸ್ಟ್ ಕೊನೆಗೆ. ನಮ್ಮ ಇರುವೆ ರಾಣಿಯರು ಈ ವರ್ಷ ತಡವಾಗಿ ಹಾರುತ್ತಾರೆ, ಆದರೆ ಹಾರುತ್ತಾರೆ.

ಎದೆಯಲ್ಲಿರುವುದು ಮಣ್ಣಿನ ಬೂಷ್ಟಂತೆ. ಡಾಕ್ಟರು ನನ್ನ ಕೆಲಸ ಏನೆಂದು ಕೇಳಿದರು. ಮರಳುಗಾಡಿನಲ್ಲಿ ಬೋರಲು ಬಿದ್ದು ಇರುವೆ ಗೂಡು ನೋಡುವುದು ಎಂದೆ. ನಮ್ಮ ರಾಣಿ ತಾಯಿಮನೆ ಬಿಡುವಾಗ ಹೊಸ ತೋಟಕ್ಕೆ ಬೀಜವೆಂದು ಬಾಯಲ್ಲಿ ಒಂದು ಚೂರು ಬೂಷ್ಟು ಕಚ್ಚಿಕೊಂಡು ಹೋಗುತ್ತಾಳಲ್ಲ, ನಾನು ಊರು ಬಿಡುವಾಗ ಎದೆಯಲ್ಲಿ ಹೊತ್ತು ತಂದಿದ್ದೇನೆ ಎಂದು ದೆಲ್ಫಿನಾಳ ಹತ್ತಿರ ತಮಾಷೆ ಮಾಡಿದೆ. ನನ್ನ ಮಗಳಿಗೆ, ನಿಮ್ಮ ಧರ್ಮಪುತ್ರಿಗೆ, ನನ್ನ ತಮಾಷೆ ಎಂದೂ ರುಚಿಸಿಲ್ಲ. ಅತ್ತುಬಿಟ್ಟಳು.

ನಿಮ್ಮ
ಅನ್ಸೆಲ್ಮೊ


ಪೊಸೊ ಅಮಾರ್ಗೊ
15 ಮಾರ್ಚ್ 1987

ಕೊಂಪಾದ್ರೆ ಅನ್ಸೆಲ್ಮೊ ಅವರಿಗೆ,

ನಿಮ್ಮ ಕಾಗದಕ್ಕೆ ಉತ್ತರ ತಡವಾಯಿತು. ಗೂಡುಗಳನ್ನು ಎಣಿಸದೆ ಬರೆಯಬಾರದೆಂದು ಕಾದೆ, ಎಣಿಸಿದ ಮೇಲೆ ಬರೆಯಲು ಮನಸ್ಸಾಗಲಿಲ್ಲ.

ಒಂಬತ್ತು ಉಳಿದಿವೆ. ನಾವು ಶುರು ಮಾಡಿದ ವರ್ಷ ಅರವತ್ನಾಲ್ಕು ಇದ್ದವು. ಎಂಟು ಗೂಡುಗಳು ದಿಬ್ಬದ ಸುತ್ತ, ಒಂಬತ್ತನೆಯದು ಒಣಹಳ್ಳದ ಆಚೆ ಒಂಟಿಯಾಗಿ. ದ್ರಾಕ್ಷಿ ತೋಟದವರ ಪಂಪು ಹಗಲಿರುಳೂ ಓಡುತ್ತದೆ. ನಮ್ಮ ಬಾವಿಯ ಹಗ್ಗಕ್ಕೆ ಈ ವರ್ಷ ಇನ್ನೂ ಆರು ಮಾರು ಗಂಟು ಹಾಕಿದೆ. ಹಳ್ಳದ ದಂಡೆಯ ಮೆಸ್ಕೀಟ್ ಮರಗಳು ನಿಂತಲ್ಲೇ ಸತ್ತಿವೆ, ಸೌದೆಗೆ ಕಡಿದರೆ ಕೊಡಲಿಯೇ ಚಿಮ್ಮುತ್ತದೆ. ಎಲೆಯಿಲ್ಲದಿದ್ದರೆ ಎಲೆ ಕತ್ತರಿಸುವ ಇರುವೆ ತನ್ನ ಬೂಷ್ಟಿನ ತೋಟಕ್ಕೆ ಏನು ಹಾಕಬೇಕು?

ನಮ್ಮಿಂದ ರಾಣಿಯರನ್ನು ಒಯ್ಯುತ್ತಿದ್ದ ಪ್ರೊಫೆಸರು ತೀರಿಕೊಂಡ ಮೇಲೆ ಇತ್ತ ಯಾರೂ ಬಂದಿಲ್ಲ. ನೀವೂ ಆಸ್ಪತ್ರೆ ಸೇರಿದಿರಿ. ಹಾಳೂರಿಗೆ ಉಳಿದವನೇ ಗೌಡ ಅನ್ನುವಂತೆ ಈಗ ನಾನೊಬ್ಬ. ಮೂರು ಬೇಸಿಗೆ ಮಳೆಯಿಲ್ಲದೆ ಒಬ್ಬ ರಾಣಿಯೂ ಹಾರಿಲ್ಲ. ಈ ಗೂಡುಗಳ ತಾಯಂದಿರು ನಮ್ಮ ಹಾಗೆಯೇ ಮುದುಕಿಯರು. ಈ ವರ್ಷವೂ ಹಾರದಿದ್ದರೆ ಹೊಸ ಗೂಡು ಕಟ್ಟಲು ಹೆಣ್ಣು ಸಂತಾನವಿಲ್ಲದೆ ಒಂದೊಂದೇ ಮುಚ್ಚಿಹೋಗುತ್ತವೆ. ಆಮೇಲೆ ಎಣಿಸುವುದಕ್ಕೆ ಏನೂ ಇರುವುದಿಲ್ಲ.

ನಿಮ್ಮ ಆಗಸ್ಟ್ ಲೆಕ್ಕವನ್ನು ಗೋಡೆಗೆ ಅಂಟಿಸಿದ್ದೇನೆ. ಹೋದ ವರ್ಷದ್ದರ ಪಕ್ಕದಲ್ಲಿ. ಅದರಲ್ಲಿ ಜುಲೈ ಹತ್ತಕ್ಕೆ ಮಳೆ ಎಂದಿದೆ, ನೆನಪಿರಲಿ.

ನಿಮ್ಮ
ನಬೋರ್


ಎರ್ಮೊಸಿಯೊ
27 ಜೂನ್ 1987

ಕೊಂಪಾದ್ರೆ ನಬೋರ್,

ಮಳೆ ತರಬೇಕಾದ ಸಂತ ಯೋಹಾನರ ಹಬ್ಬ ಕಳೆಯಿತು. ಇಲ್ಲಿ ನರ್ಸಮ್ಮ ಒಂದು ಬಟ್ಟಲಲ್ಲಿ ನೀರು ತಂದು ನಮ್ಮೆಲ್ಲರ ತಲೆಗೆ ಚಿಮುಕಿಸಿದಳು. ಮಳೆ ಅಷ್ಟೇ ಬಿದ್ದದ್ದು.

ಡಾಕ್ಟರು ದೆಲ್ಫಿನಾಳನ್ನು ಹೊರಗೆ ಕರೆದು ಮಾತಾಡಿದರು. ಹೊರಗೆ ಕರೆದು ಏನು ಹೇಳುತ್ತಾರೆಂದು ತಿಳಿಯದಷ್ಟು ದಡ್ಡ ನಾನಲ್ಲ. ಅವಳು ಮುಖ ತೊಳೆದುಕೊಂಡು ಬಂದು, ನನ್ನ ಶರಟಿನ ಗುಂಡಿ ಹಾಕುತ್ತ, ಡಾಕ್ಟರಿಗೆ ಸಂತೋಷವಾಗಿದೆಯಂತೆ ಎಂದಳು. ನನಗೂ ಸಂತೋಷ ಎಂದೆ.

ಕೊಂಪಾದ್ರೆ, ನಿಮ್ಮಿಂದ ನಾನು ಏನನ್ನೂ ಕೇಳಿದವನಲ್ಲ. ಈಗ ಕೇಳುತ್ತೇನೆ. ಒಬ್ಬ ರಾಣಿಯನ್ನು ಕಳಿಸಿ. ಪ್ರೊಫೆಸರಿಗೆ ಕಳಿಸುತ್ತಿದ್ದೆವಲ್ಲ ಹಾಗೆ, ಗಾಜಿನ ನಳಿಕೆ, ತಳದಲ್ಲಿ ಒದ್ದೆ ಹತ್ತಿ, ಬಾಯಿಗೆ ಬಿರಡೆ. ಮಳೆಯಲ್ಲಿ ಹಾರಿ, ಇಳಿದು, ತಾನೇ ರೆಕ್ಕೆ ಕಿತ್ತುಹಾಕಿದವಳು ಬೇಕು. ಹಾರಾಟ ನೋಡಲು ನಾನು ಬರಲಾರೆ, ಹಾರಿ ಇಳಿದವಳನ್ನಾದರೂ ನೋಡಿ ಕಣ್ಣು ಮುಚ್ಚುತ್ತೇನೆ. ಗೋಡೆ ನೋಡಿ ನೋಡಿ ಸಾಕಾಗಿದೆ.

ನಮ್ಮ ನಿಯಮ ಮಾತ್ರ ಮರೆಯಬೇಡಿ. ಮಳೆ ಮುಟ್ಟದ ರಾಣಿಯನ್ನು ನಾವು ಮುಟ್ಟುವುದಿಲ್ಲ.

ನಿಮ್ಮ
ಅನ್ಸೆಲ್ಮೊ


ಪೊಸೊ ಅಮಾರ್ಗೊ
22 ಜುಲೈ 1987

ಕೊಂಪಾದ್ರೆ ಅನ್ಸೆಲ್ಮೊ,

ನಮ್ಮ ಮನೆಯ ಉಪ್ಪಿನ ಡಬ್ಬಿ ಅಲ್ಲಾಡಿಸಿದರೆ ಮರಳಿನ ಹಾಗೆ ಸುರಿಯುತ್ತದೆ. ರೊಟ್ಟಿ ಹೆಂಚಿನಿಂದ ತಟ್ಟೆಗೆ ಬರುವಷ್ಟರಲ್ಲಿ ಮುರಿಯುತ್ತದೆ. ಪ್ರತಿ ಮಧ್ಯಾಹ್ನ ದಕ್ಷಿಣದಿಂದ ಮೋಡ ಬೆಟ್ಟದವರೆಗೆ ಬಂದು, ಅಲ್ಲೇ ನಿಂತು, ಕತ್ತಲಾಗುವ ಮೊದಲು ಕರಗುತ್ತದೆ. ಊರಿಗೆ ಬಂದವಳು ನೀರಿಗೆ ಬರದೇ ಇರುತ್ತಾಳೆಯೇ ಎಂದು ಒಫೆಲಿಯಾಗೆ ಹೇಳಿದೆ. ನನ್ನ ಹೆಂಡತಿ ಪಾತ್ರೆ ತೊಳೆದ ನೀರನ್ನೇ ಗಿಡಕ್ಕೆ ಸುರಿಯುತ್ತ, "ಇವಳು ಬೇರೆ ಊರಿಗೆ ಬಂದಿದಾಳೆ ಕಣಯ್ಯಾ, ನಮ್ಮೂರಿಗಲ್ಲ," ಅಂದಳು.

ರಾಣಿಯರು ಒಳಗೆ ತಯಾರಾಗಿದ್ದಾರೆ. ಸಂಜೆ ಬಿಸಿಲು ಇಳಿದಾಗ ಗೂಡಿನ ಬಾಯಿಯ ಹತ್ತಿರ ಮಲಗಿ ನೋಡುತ್ತೇನೆ. ರೆಕ್ಕೆ ಹೊತ್ತವರು ಇಬ್ಬರು ಮೂವರು ಬಾಗಿಲವರೆಗೆ ಬರುತ್ತಾರೆ, ಮೀಸೆ ಆಡಿಸಿ ಗಾಳಿಯನ್ನು ಕೇಳುತ್ತಾರೆ, ಒಳಗೆ ಹೋಗುತ್ತಾರೆ. ಮದುವೆಗೆ ಸಿಂಗರಿಸಿಕೊಂಡವರು ದಿನಾ ಹೀಗೆ ಹೊಸ್ತಿಲಿಂದ ವಾಪಸ್ಸು ಹೋಗುವುದನ್ನು ನೋಡಲು ನನ್ನಿಂದಾಗುವುದಿಲ್ಲ.

ಎಷ್ಟು ಸುಲಭವಾಗಿತ್ತು ಆಗ. ಮಧ್ಯಾಹ್ನ ಜಡಿಮಳೆ ಹೊಡೆದರೆ ನಾನು ಮಣ್ಣಿಗೆ ಕೈ ತೂರಿಸುತ್ತಿದ್ದೆ. ಮಣಿಕಟ್ಟಿನವರೆಗೆ ಒದ್ದೆ ಹತ್ತಿದರೆ ನಾಳೆ ಎಂದು ಲೆಕ್ಕ. ನೀವು ಬೆಳಗಿನ ಜಾವ ಅಂಗಳದಲ್ಲಿ ನಿಂತು ಗಾಳಿ ಇಲ್ಲ ಎನ್ನುತ್ತಿದ್ದಿರಿ. ಉಪ್ಪು ಗಂಟು ಕಟ್ಟಿರುತ್ತಿತ್ತು. ದಿಬ್ಬದ ಮೇಲಿನ ಪಾಲೊ ವೆರ್ದೆ ಮರದ ನೆತ್ತಿಯಲ್ಲಿ ಎಲ್ಲ ಗೂಡಿನ ಗಂಡುಗಳೂ ಹೊಗೆಯ ಹಾಗೆ ಸುತ್ತುತ್ತಿದ್ದವು, ರಾಣಿಯರು ಒಳಹೊಕ್ಕು ಕೆಳಗೆ ಬೀಳುತ್ತಿದ್ದರು. ಎಂಟು ಗಂಟೆಗೆ ಎಲ್ಲ ಮುಗಿದು ನಾವು ಕಾಫಿಗೆ ಕೂರುತ್ತಿದ್ದೆವು. ನೀವು ಆಕಾಶ ನೋಡಿದಿರಿ, ನಾನು ನೆಲ. ಈಗ ಆಕಾಶ ನೋಡಲು ಇಲ್ಲಿ ಯಾರೂ ಇಲ್ಲ.

ನಿಜ ಹೇಳಬೇಕೆಂದರೆ ನಿಮ್ಮ ಎಣಿಕೆಯ ಮೇಲೆ ನನಗೆ ನಂಬಿಕೆ ಉಳಿದಿಲ್ಲ. ಅದೂ ಪರರ ಕಣ್ಣಿನಿಂದ, ಪರರ ಊರಿನ ಆಕಾಶ ನೋಡಿ ಬರೆದದ್ದು.

ನಿಮ್ಮ
ನಬೋರ್


ಎರ್ಮೊಸಿಯೊ
30 ಜುಲೈ 1987

ಕೊಂಪಾದ್ರೆ ನಬೋರ್,

ಪೆನ್ನು ಹಿಡಿಯಲಾಗದ್ದರಿಂದ ದೆಲ್ಫಿನಾ ಬರೆಯುತ್ತಿದ್ದಾಳೆ. ತಾಳಿದವನು ಬಾಳಿಯಾನು. ಆಗಸ್ಟ್ ಇಪ್ಪತ್ತೈದರವರೆಗೆ ಗೂಡುಗಳ ಹತ್ತಿರ ಮಲಗಬೇಡಿ. ಮನೆಯಲ್ಲಿ ಮಲಗಿ. ಅವರಿಗೆ ನಮಗಿಂತ ಹೆಚ್ಚು ತಾಳ್ಮೆಯಿದೆ.

ನಿಮ್ಮ
ಅನ್ಸೆಲ್ಮೊ

ಪದ್ರಿನೊ, ಇದು ನಾನು ದೆಲ್ಫಿನಾ, ಅಪ್ಪನಿಗೆ ಗೊತ್ತಿಲ್ಲದೆ ಕೆಳಗೆ ಸೇರಿಸುತ್ತಿದ್ದೇನೆ. ಆಗಸ್ಟ್ ಹದಿನೈದು ದಾಟುವುದು ಕಷ್ಟ ಎಂದು ಡಾಕ್ಟರು ಹೇಳಿದ್ದಾರೆ. ಅಪ್ಪ ದಿನಾ ಅಂಚೆಯವನನ್ನು ಕೇಳುತ್ತಾರೆ. ಹೇಗಾದರೂ ಮಾಡಿ ಒಂದನ್ನು ಬೇಗ ಕಳಿಸಲು ಸಾಧ್ಯವೇ?


ಪೊಸೊ ಅಮಾರ್ಗೊ
10 ಆಗಸ್ಟ್ 1987

ಕೊಂಪಾದ್ರೆ ಅನ್ಸೆಲ್ಮೊ,

ಮಳೆ ಬಂತು. ಆರನೆಯ ತಾರೀಕಿನಿಂದ ಮೂರು ಸಂಜೆ ಬಂತು. ಗೂಡುಗಳು ಚೆನ್ನಾಗಿ ನೆನೆದವು. ರಾಣಿಯರು ಹಾರಿದರು. ಬಸ್ಸಿನವನ ಕೈಯಲ್ಲಿ ಈ ಕಾಗದದ ಜೊತೆ ನಳಿಕೆ ಕಳಿಸಿದ್ದೇನೆ, ಇವತ್ತೇ ಸಂಜೆ ಅವನು ಆಸ್ಪತ್ರೆಯಲ್ಲಿ ದೆಲ್ಫಿನಾಳ ಕೈಗೆ ಕೊಡುತ್ತಾನೆ. ಹತ್ತಿ ಒಣಗದಂತೆ ನೋಡಿಕೊಳ್ಳಿ. ಬಿಸಿಲಲ್ಲಿ ಇಡಬೇಡಿ. ಇದೆಲ್ಲ ನಿಮಗೆ ಹೇಳಬೇಕಾಗಿಲ್ಲ.

ಒಫೆಲಿಯಾ ನಿಮ್ಮನ್ನು ಕೇಳಿದಳೆಂದು ಹೇಳಲು ಹೇಳಿದ್ದಾಳೆ.

ನಿಮ್ಮ
ನಬೋರ್


ಎರ್ಮೊಸಿಯೊ
14 ಆಗಸ್ಟ್ 1987

ನಬೋರ್,

ಇದನ್ನು ನಾನೇ ಬರೆಯುತ್ತಿದ್ದೇನೆ. ಎರಡು ದಿನ ಹಿಡಿಯಿತು.

ನಳಿಕೆಯವಳನ್ನು ಮೀನುಗಾರನ ಕಿಟಕಿಯ ಬೆಳಕಿಗೆ ಹಿಡಿಸಿ ನೋಡಿದೆ. ರೆಕ್ಕೆ ನಾಲ್ಕೂ ಇವೆ, ಒಂದು ಸುಕ್ಕೂ ಇಲ್ಲ. ದವಡೆಯಲ್ಲಿ ಮಣ್ಣಿಲ್ಲ. ಕಾಲಿನ ರೋಮದಲ್ಲಿ ಕೆಸರಿಲ್ಲ. ನಿನ್ನ ಊರ ಕಡೆಯ ಇಬ್ಬರು ಈ ವಾರ್ಡಿನಲ್ಲಿದ್ದಾರೆ. ಮೇ ತಿಂಗಳಿಂದ ಅಲ್ಲಿ ಹನಿ ಬಿದ್ದಿಲ್ಲ ಎನ್ನುತ್ತಾರೆ.

ಅವರನ್ನು ಕೇಳುವ ಅಗತ್ಯವೂ ಇರಲಿಲ್ಲ. ಇಪ್ಪತ್ತಾರು ವರ್ಷದಲ್ಲಿ ನೀನು ಮಳೆಯ ಸುದ್ದಿ ಹೇಳುವಾಗೆಲ್ಲ ಮೊದಲು ಗೊಬೆರ್ನಾದೋರ ಪೊದೆಯ ವಾಸನೆಯನ್ನು ಹೇಳುತ್ತಿದ್ದೆ. ಅದು ಹೇಳಿ ಆಮೇಲೆ ಮಳೆ. ಈ ಕಾಗದದಲ್ಲಿ ವಾಸನೆಯೇ ಇಲ್ಲ.

ನೀನು ಗೂಡಿಗೆ ನೀರು ಹಾಕಿದ್ದೀಯ. ಎಷ್ಟು ಗೂಡಿಗೆ?

ಈ ತಿಂಗಳ ಕೊನೆಗೆ ಮಳೆ ಬರುತ್ತದೆ. ಬಂದಾಗ ಒಳಗಿನಿಂದ ಏಳುವುದಕ್ಕೆ ಏನು ಉಳಿದಿದೆ ಅದನ್ನು ಬರೆ. ಬೇರೆ ಏನೂ ಬರೆಯಬೇಡ.

ಅನ್ಸೆಲ್ಮೊ


ಪೊಸೊ ಅಮಾರ್ಗೊ
19 ಆಗಸ್ಟ್ 1987

ಕೊಂಪಾದ್ರೆ ಅನ್ಸೆಲ್ಮೊ,

ದೆಲ್ಫಿನಾಳ ದೀಕ್ಷಾಸ್ನಾನದಲ್ಲಿ ಅವಳನ್ನು ನಾನು ಎತ್ತಿ ಹಿಡಿದು ನಾವು ಕೊಂಪಾದ್ರೆಗಳಾದ ದಿನದಿಂದ ಒಬ್ಬರನ್ನೊಬ್ಬರು ನೀವು ಎಂದೇ ಕರೆದಿದ್ದೇವೆ. ಇಪ್ಪತ್ತೆರಡು ವರ್ಷದ ಮೇಲೆ ನೀವು ನನ್ನನ್ನು ನೀನು ಎಂದಿರಿ. ಉಳಿದ ಮಾತಿಗಿಂತ ಅದು ನಾಟಿತು. ನಾಟಬೇಕಾದದ್ದೇ.

ಎಂಟು ಗೂಡಿಗೆ ಹಾಕಿದೆ.

ದ್ರಾಕ್ಷಿ ತೋಟಕ್ಕೆ ನೀರು ಹೊಡೆಯುವ ಟ್ಯಾಂಕರಿನ ಲಾಸಾರೊನನ್ನು ಬೇಡಿಕೊಂಡೆ. ದಿನಕ್ಕೆ ಒಂದೇ ಟ್ಯಾಂಕರು ಕೊಡುತ್ತೇನೆಂದ, ಅದೂ ಮೂರೇ ದಿನ. ಎಲ್ಲಿಗೆ ಎಂದು ಕೇಳಿದ, ತೋರಿಸಿದೆ. "ಜನಕ್ಕೆ ಕುಡಿಯೋಕಿಲ್ಲ, ನೀನು ಇರುವೆಗೆ ಸ್ನಾನ ಮಾಡಿಸ್ತಿದೀಯಲ್ಲ ನಬೋರ್," ಅಂದ. ನಗಲಿಲ್ಲ. ಆಮೇಲೆ ಪೈಪಿನ ಬಾಯಿಗೆ ಜರಡಿ ಕಟ್ಟಿ ಮಳೆಯ ಹಾಗೆ ಬೀಳಿಸಲು ಅವನೇ ಕೈ ಕೊಟ್ಟ. ಒಂದು ಟ್ಯಾಂಕರಿಗೆ ಮೂರು ಗೂಡು ನೆನೆದವು. ಮೊದಲ ಸಂಜೆ ಮೂರು, ಎರಡನೆಯ ಸಂಜೆ ಮೂರು, ಕೊನೆಗೆ ಎರಡು. ಒಂಬತ್ತನೆಯದಕ್ಕೆ ಹಳ್ಳ ದಾಟಿ ಟ್ಯಾಂಕರು ಹೋಗಲಿಲ್ಲ.

ನನ್ನ ತಲೆಯಲ್ಲಿ ಇದ್ದದ್ದು ಇಷ್ಟು. ಮಳೆ ಬಾರದಿದ್ದರೆ ಹೇಗೂ ಒಳಗೇ ಕೊಳೆಯುತ್ತಾರೆ. ಹಾರಿಸಿದರೆ ಹತ್ತರಲ್ಲಿ ಒಬ್ಬಳಾದರೂ ನೆಲ ಹಿಡಿದಾಳು. ನಿಮಗೂ ಒಬ್ಬಳು ಸಿಗುತ್ತಾಳೆ.

ಮೊದಲ ಬೆಳಗ್ಗೆ ಮೂರು ಗೂಡಿನವರು ಎದ್ದರು. ಕೊಂಪಾದ್ರೆ, ಎಷ್ಟು ಚೆಂದ ಎದ್ದರು. ಒಂದು ಕ್ಷಣ ನಾನು ಗೆದ್ದೆ ಎಂದುಕೊಂಡೆ. ಆದರೆ ಮರದ ನೆತ್ತಿಯಲ್ಲಿ ಹೊಗೆ ಇರಲಿಲ್ಲ. ಬೇರೆ ಗೂಡಿನ ಗಂಡುಗಳಿಗೆ ಯಾರೂ ಹೇಳಿಕಳಿಸಿರಲಿಲ್ಲ, ಅವರ ಮಳೆ ಮಾರನೆಯ ದಿನಕ್ಕಿತ್ತು. ತಮ್ಮ ಗೂಡಿನ ಗಂಡುಗಳು ಎದ್ದ ಗಾಳಿಯಲ್ಲಿ ದಿಕ್ಕಾಪಾಲಾದವು. ಗಾಳಿ ಒಣಗಿತ್ತು, ಆರೂವರೆಗೇ ಬಿಸಿಯಾಯಿತು. ರಾಣಿಯರು ಸುತ್ತಿ ಸುತ್ತಿ ಇಳಿದರು. ಇಳಿದ ನೆಲ ಹೆಂಚು. ನಾನು ನೆನೆಸಿದ್ದು ಗೂಡಿನ ಬಾಯಿಯ ಸುತ್ತ ಹತ್ತು ಹೆಜ್ಜೆ, ಅವರು ಇಳಿದದ್ದು ಆಚೆ. ರೆಕ್ಕೆ ಹೊತ್ತೇ ಮಣ್ಣನ್ನು ಕೆರೆದರು. ಓತಿಗಳು ಬಂದವು, ಕೆಂಪು ಇರುವೆಗಳು ಬಂದವು. ನೂರಾ ಹತ್ತರವರೆಗೆ ಎಣಿಸಿ ಬಿಟ್ಟೆ.

ಅದನ್ನು ನೋಡಿದ ಮೇಲಾದರೂ ನಿಲ್ಲಿಸಬಹುದಿತ್ತು. ನಿಲ್ಲಿಸಲಿಲ್ಲ. ಎಲ್ಲವನ್ನೂ ನೆನೆಸಿದರೆ ಎಲ್ಲೋ ಒಂದು ದಿನ ಕೂಡಿಕೊಳ್ಳುತ್ತವೆ ಎಂದು ಹಟ ಹಿಡಿದೆ. ಎರಡನೆಯ ದಿನವೂ ಮೂರನೆಯ ದಿನವೂ ಹಾಗೆಯೇ ಆಯಿತು. ನಿಮಗೆ ಕಳಿಸಿದವಳನ್ನು ಇಳಿದ ಕೂಡಲೇ, ಓತಿ ಬಾಯಿ ಹಾಕುವ ಮೊದಲು ಎತ್ತಿಕೊಂಡೆ.

ನೆಲ ನೋಡುವುದು ನನ್ನ ಪಾಲು. ನೆಲವನ್ನೇ ಮೋಸ ಮಾಡಿದೆ. ಒಳಗೆ ಏನು ಉಳಿದಿದೆ ಎಂದು ಕೇಳಿದಿರಿ. ಎಂಟರಲ್ಲಿ ರೆಕ್ಕೆಯವರು ಒಬ್ಬರೂ ಉಳಿದಿಲ್ಲ. ನಿಮ್ಮ ಆಗಸ್ಟ್ ಎಣಿಕೆಯೂ ಹೋದ ವರ್ಷದ್ದರ ಹಾಗೆ ಸುಳ್ಳಾಗಲಿ ಎಂದು ದಿನಾ ಬೇಡಿಕೊಳ್ಳುತ್ತಿದ್ದೇನೆ. ಮಳೆ ಬೇಡ ಎಂದು ಬೇಡಿಕೊಳ್ಳುವ ಒಬ್ಬನೇ ಮನುಷ್ಯ ಈ ಸೀಮೆಯಲ್ಲಿ ನಾನು.

ನಬೋರ್


ಪೊಸೊ ಅಮಾರ್ಗೊ
29 ಆಗಸ್ಟ್ 1987

ಮಗಳೇ ದೆಲ್ಫಿನಾ,

ನಿಮ್ಮಪ್ಪ ಹದಿನೈದು ದಾಟಿದ ಸುದ್ದಿಯನ್ನು ಬಸ್ಸಿನವನು ಹೇಳಿದ. ಈ ಲಕೋಟೆಯಲ್ಲಿ ಎರಡು ಹಾಳೆಗಳಿವೆ. ಮೊದಲನೆಯದನ್ನು ಅವರಿಗೆ ಓದಿ ಹೇಳು. ಎರಡನೆಯದನ್ನು ಓದಬೇಕೋ ಬೇಡವೋ ನೀನೇ ನೋಡು. ನನಗೆ ತಿಳಿಯುತ್ತಿಲ್ಲ. ನೀನು ಕೆಳಗೆ ಬರೆದ ಆ ನಾಲ್ಕು ಸಾಲನ್ನು ನಾನು ಸುಟ್ಟಿದ್ದೇನೆ. ಅದು ನಿನ್ನ ತಪ್ಪಲ್ಲ, ನೀನು ಮಗಳು.

ಪದ್ರಿನೊ


ಮೊದಲನೆಯ ಹಾಳೆ

ಕೊಂಪಾದ್ರೆ, ಇಪ್ಪತ್ತೇಳನೆಯ ತಾರೀಕು ಮೂರು ಗಂಟೆಗೆ ಗೊಬೆರ್ನಾದೋರ ವಾಸನೆ ಬಂತು. ಒಫೆಲಿಯಾ ಒಲೆ ಬಿಟ್ಟು ಹೊರಗೆ ಬಂದಳು. ನಾಲ್ಕಕ್ಕೆ ಹೊಡೆಯಿತು. ಕತ್ತಲಾಗುವವರೆಗೆ ಹೊಡೆಯಿತು. ಹಳ್ಳ ಎರಡಾಳು ಎತ್ತರ ಹರಿದು ದ್ರಾಕ್ಷಿಯವರ ಬೇಲಿಯನ್ನು ಎಳೆದುಕೊಂಡು ಹೋಯಿತು. ಮಣ್ಣಿಗೆ ಕೈ ತೂರಿಸಿದೆ, ಮೊಳಕೈವರೆಗೆ ಒದ್ದೆ. ಉಪ್ಪು ಡಬ್ಬಿಯಲ್ಲಿ ಕಲ್ಲಾಗಿದೆ. ಗೋಡೆ ನೋಡುತ್ತ ಮಲಗಿ ಇನ್ನೊಬ್ಬನ ಕಿಟಕಿಯಿಂದ ನೀವು ಇದನ್ನು ಕಂಡಿರಿ. ನಾನು ಇಪ್ಪತ್ತಾರು ವರ್ಷ ನಕ್ಕದ್ದಕ್ಕೆ ಕ್ಷಮೆ ಕೇಳುತ್ತೇನೆ.


ಎರಡನೆಯ ಹಾಳೆ

ಮಾರನೆಯ ಬೆಳಗ್ಗೆ ಗಾಳಿ ಇರಲಿಲ್ಲ. ಅಂಥ ಬೆಳಗು ನನ್ನ ನೆನಪಿನಲ್ಲಿ ಇನ್ನೊಂದಿಲ್ಲ. ನೆಲವೆಲ್ಲ ಮೆತ್ತಗೆ, ಎಲ್ಲಿ ಇಳಿದರೂ ಮನೆ. ಎಂಟು ಗೂಡಿನ ಬಾಯಿಗೂ ಹೋಗಿ ನೋಡಿದೆ. ಆಳು ಇರುವೆಗಳು ಒದ್ದೆ ಮಣ್ಣು ಹೊರಗೆ ಹಾಕುತ್ತ ಬಾಗಿಲು ಅಗಲ ಮಾಡುತ್ತಿದ್ದವು. ರೆಕ್ಕೆಯವರು ಹೊರಡಲು ದಾರಿ. ಹೊರಡುವುದಕ್ಕೆ ಒಳಗೆ ಯಾರೂ ಇರಲಿಲ್ಲ. ಆದರೂ ಅಗಲ ಮಾಡುತ್ತಲೇ ಇದ್ದವು.

ಹಳ್ಳದ ಆಚೆಯ ಒಂಬತ್ತನೆಯ ಗೂಡು ಎದ್ದಿತು. ಅದು ಗಂಡುಗಳ ಗೂಡು ಎಂದು ನಮಗೆ ಮೊದಲಿಂದ ಗೊತ್ತು, ಅದರಲ್ಲಿ ಒಬ್ಬ ರಾಣಿಯೂ ಹುಟ್ಟಿದ್ದನ್ನು ನಾವು ಕಂಡಿಲ್ಲ. ಅವು ಹಳ್ಳ ದಾಟಿ ಬಂದು ಪಾಲೊ ವೆರ್ದೆ ಮರದ ಮೇಲೆ ಸುತ್ತತೊಡಗಿದವು. ಕೆಳಗೆ ನಾನು ನಿಂತಿದ್ದೆ. ಯಾರೂ ಬರಲಿಲ್ಲ.

ಅವಳನ್ನು ನಿಮಗೆ ಕಳಿಸದೇ ಇದ್ದಿದ್ದರೆ, ಅವಳೊಬ್ಬಳು ಇರುತ್ತಿದ್ದಳು.

ನಬೋರ್


ಎರ್ಮೊಸಿಯೊ
4 ಸೆಪ್ಟೆಂಬರ್ 1987

ನಬೋರ್,

ದೆಲ್ಫಿನಾ ಒಂದು ಹಾಳೆ ಓದಿದಳು. ಮೀನುಗಾರ ಮಂಚದಿಂದ ಇಳಿದು ಬಂದು ಕೈ ಕುಲುಕಿದ. ಮಡಚುವಾಗ ಅವಳ ಕೈಯಲ್ಲಿ ಇನ್ನೊಂದು ಹಾಳೆ ಕಂಡೆ. ಓದು ಎಂದೆ. ಬೇಡ ಅಪ್ಪಾ ಎಂದಳು. ಓದಿಸಿದೆ.

ಒಬ್ಬಳನ್ನು ಕಳಿಸು ಎಂದು ಕೇಳಿದವನು ನಾನು. ತಾಳು ಎಂದವನೂ ನಾನೇ. ಸಾಯುವವನು ಒಂದು ಬಾಯಲ್ಲಿ ಎರಡು ಮಾತಾಡಿದರೆ ಬದುಕಿರುವವನು ಏನು ಮಾಡಬೇಕು? ನಿನ್ನ ಮೇಲಿನ ಸಿಟ್ಟು ಹೋಗಿಲ್ಲ. ಅರ್ಧವನ್ನು ನನ್ನ ಕಡೆಗೆ ತಿರುಗಿಸಿಕೊಂಡಿದ್ದೇನೆ, ಅಷ್ಟೇ.

ನಳಿಕೆಯವಳು ಮೊನ್ನೆ ರೆಕ್ಕೆ ಕಿತ್ತುಹಾಕಿದಳು. ಗಂಡನ್ನು ಕಾಣದಿದ್ದರೂ ಹತ್ತಿಯನ್ನು ಮಣ್ಣೆಂದುಕೊಂಡು ತೋಡುತ್ತಾಳೆ. ರಾತ್ರಿ ಸದ್ದಿಲ್ಲದಾಗ ಕೇಳಿಸುತ್ತದೆ.

ಒಂದು ವಿಷಯ ಬಿಟ್ಟಿದ್ದೀಯ. ಗಂಡುಗಳು ಎಷ್ಟು ಹೊತ್ತಿನವರೆಗೆ ಹಾರಿದವು ಎಂದು ಬರೆದಿಲ್ಲ. ನೀನು ಗಂಟೆ ಬರೆಯದೆ ಬಿಟ್ಟವನಲ್ಲ. ಬರೆದು ಕಳಿಸು, ಬೇಗ.

ಅನ್ಸೆಲ್ಮೊ


ಪೊಸೊ ಅಮಾರ್ಗೊ
7 ಸೆಪ್ಟೆಂಬರ್ 1987

ಅನ್ಸೆಲ್ಮೊ,

ಐದೂ ಮುಕ್ಕಾಲಿಗೆ ಎದ್ದವು. ಒಂಬತ್ತೂ ಕಾಲಿನವರೆಗೆ ಹಾರಿದವು. ಎಲ್ಲ ವರ್ಷವೂ ಎಂಟಕ್ಕೆ ಮುಗಿಯುತ್ತಿತ್ತು, ನಿನಗೆ ಗೊತ್ತು. ಈ ಸಲ ಕಾದವು. ಏಳೂವರೆಯಿಂದ ಒಂದೊಂದೇ ಬೀಳತೊಡಗಿದವು.

ಕೊನೆಯದು ಬಂದು ನನ್ನ ಟೋಪಿಯ ಅಂಚಿನ ಮೇಲೆ ಕೂತಿತು. ಅದು ಅಲ್ಲಾಡುವುದು ನಿಲ್ಲುವವರೆಗೆ ನಾನು ಟೋಪಿ ತೆಗೆಯಲಿಲ್ಲ.

ನಿನ್ನ
ನಬೋರ್